ಎರಡು ಸಿಲಿಂಡರ್ ಹೊತ್ತರೆ ನೀರಿನಡಿಯ ಸಮಯ ದುಪ್ಪಟ್ಟಾಗುತ್ತದೆಯೇ?

ಪ್ರಶ್ನೆ: ಶಿರಸಿ ಹತ್ತಿರ ನಮ್ಮದು ಅಡಿಕೆ ತೋಟ. ಎರಡು ವರ್ಷದಿಂದ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡುತ್ತಿದ್ದೇನೆ. ಅಡ್ವಾನ್ಸ್ಡ್ ಕೋರ್ಸ್ ಆಗಿದೆ, ಒಟ್ಟು 26 ಡೈವ್. ಪ್ರತಿ ಸಲವೂ ಗುಂಪಿನಲ್ಲಿ ನನ್ನ ಗಾಳಿಯೇ ಮೊದಲು ಮುಗಿಯುತ್ತದೆ. ಕಳೆದ ಡೈವಿನಲ್ಲಿ ಅತಿ ಹೆಚ್ಚು ಆಳ 18 ಮೀಟರ್, ಸರಾಸರಿ 15. ಹೊರಟಾಗ ಸಿಲಿಂಡರಿನ ಒತ್ತಡ 200 ಬಾರ್ ಇದ್ದದ್ದು 28 ನಿಮಿಷಕ್ಕೆ 50ಕ್ಕೆ ಇಳಿಯಿತು. ಜೊತೆಗಾರನಲ್ಲಿ ಇನ್ನೂ 90 ಬಾರ್ ಇತ್ತು. ನನ್ನಿಂದಾಗಿ ಎಲ್ಲರೂ ಮೇಲೆ ಬರಬೇಕಾಗುತ್ತದೆ ಎಂಬುದು ಬೇಸರ. ಪರಿಚಯದವರೊಬ್ಬರಲ್ಲಿ ಎರಡು ಹಳೆಯ ಅಲ್ಯೂಮಿನಿಯಂ ಸಿಲಿಂಡರ್‌ಗಳಿವೆ. ವೆಲ್ಡಿಂಗ್ ಅಂಗಡಿಯಲ್ಲಿ ಪಟ್ಟಿ ಹಾಕಿಸಿ ಜೋಡಿಸಿಕೊಂಡರೆ ಸಮಯ ದುಪ್ಪಟ್ಟಾಗುತ್ತದಲ್ಲವೇ? ಮುಂದೆ 30 ಮೀಟರ್ ಆಳಕ್ಕೂ ಹೋಗುವ ಆಸೆಯಿದೆ. ಡೈವ್ ಮುಗಿಸಿ ಅದೇ ಸಂಜೆ ಮನೆಗೆ ಹೊರಡುವುದು ನನ್ನ ರೂಢಿ.

ಉತ್ತರ: ಮೊದಲು ವೆಲ್ಡಿಂಗ್ ಅಂಗಡಿಯ ಮಾತು ಮುಗಿಸೋಣ, ಉಳಿದದ್ದು ಆಮೇಲೆ. ದಯವಿಟ್ಟು ಆ ಸಿಲಿಂಡರ್‌ಗಳನ್ನು ಅಲ್ಲಿಗೆ ಒಯ್ಯಬೇಡಿ. ಕಾರಿನ ಟೈರಿನಲ್ಲಿರುವುದು ಎರಡು ಬಾರ್‌ಗಿಂತ ತುಸು ಹೆಚ್ಚು ಒತ್ತಡ. ತುಂಬಿದ ಡೈವಿಂಗ್ ಸಿಲಿಂಡರಿನಲ್ಲಿ 200 ಬಾರ್. ಒಳಗೋಡೆಯ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು 200 ಕೆ.ಜಿ. ಭಾರ ಕೂತ ಹಾಗೆ. ಅಲ್ಯೂಮಿನಿಯಂ ಸಿಲಿಂಡರಿಗೆ ಆ ಭಾರ ತಡೆಯುವ ಬಲ ಬರುವುದು ಕಾರ್ಖಾನೆಯಲ್ಲಿ ಲೆಕ್ಕದ ಶಾಖ ಕೊಟ್ಟು ಹದ ಮಾಡಿದ್ದರಿಂದ. ಆಮೇಲೆ ಹೊರಗಿನಿಂದ ವೆಲ್ಡಿಂಗಿನ ಬೆಂಕಿ ತಗುಲಿದರೆ ಆ ಹದ ಕೆಡುತ್ತದೆ, ಮೇಲ್ನೋಟಕ್ಕೆ ಮಾತ್ರ ಏನೂ ಗೊತ್ತಾಗುವುದಿಲ್ಲ. ಅದು ಒಡೆಯುವುದಾದರೆ ಮುಂದಿನ ಸಲ ಗಾಳಿ ತುಂಬುವಾಗ ಒಡೆಯುತ್ತದೆ, ಕಂಪ್ರೆಸರ್ ಪಕ್ಕದಲ್ಲಿ ನಿಂತ ಹುಡುಗನ ಮುಂದೆ.

ಜೋಡಿ ಸಿಲಿಂಡರಿನ ಪಟ್ಟಿಗಳಿಗೆ ಬೆಂಕಿಯ ಕೆಲಸವೇ ಬೇಡ. ಸಿಲಿಂಡರಿನ ಸುತ್ತಳತೆಗೆ ಸರಿಯಾಗಿ ಮಾಡಿದ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗಳು ಬರುತ್ತವೆ, ಬೋಲ್ಟ್ ಹಾಕಿ ಬಿಗಿಯುತ್ತಾರೆ, ಅಷ್ಟೆ. ಇನ್ನು ಆ ಎರಡು ಸಿಲಿಂಡರುಗಳ ವಯಸ್ಸು. ಭುಜದ ಮೇಲೆ ಕೊರೆದ ಅಕ್ಷರಗಳಲ್ಲಿ ತಯಾರಾದ ತಿಂಗಳು, ವರ್ಷ, ನೀರೊತ್ತಡದ ಪರೀಕ್ಷೆ ಯಾವಾಗ ಆಯಿತು ಎಂಬುದು ಇರುತ್ತದೆ, ಓದಿ ನೋಡಿ. 1980ರ ದಶಕದ ಕೊನೆಯವರೆಗೆ 6351 ಎಂಬ ಮಿಶ್ರಲೋಹದಲ್ಲಿ ಮಾಡಿದ ಸಿಲಿಂಡರ್‌ಗಳು ಬರುತ್ತಿದ್ದವು. ವರ್ಷಗಟ್ಟಲೆ ಒತ್ತಡ ಹೊತ್ತು ಹೊತ್ತು ಅವುಗಳ ಕತ್ತಿನ ಬಳಿ ಬಿರುಕು ಬಿಟ್ಟ ಉದಾಹರಣೆಗಳಿವೆ. ಈಗಿನವು 6061 ಮಿಶ್ರಲೋಹದವು. ವರ್ಷಕ್ಕೊಮ್ಮೆ ವಾಲ್ವ್ ಬಿಚ್ಚಿ ಒಳಗೆ ದೀಪ ಬಿಟ್ಟು ನೋಡಬೇಕು. ಐದು ವರ್ಷಕ್ಕೊಮ್ಮೆ ಮಾನ್ಯತೆ ಪಡೆದ ಕೇಂದ್ರದಲ್ಲಿ ನೀರೊತ್ತಡದ ಪರೀಕ್ಷೆ ಆಗಬೇಕು. ಈ ಎರಡರ ದಾಖಲೆ ಇಲ್ಲದ ಸಿಲಿಂಡರಿಗೆ ನಾನು ಗಾಳಿ ತುಂಬಿಸುವುದಿಲ್ಲ, ಎಷ್ಟೇ ಹತ್ತಿರದವರದ್ದಾದರೂ.

ಈಗ ನಿಮ್ಮ ಮೂಲ ಪ್ರಶ್ನೆ. ನೀವು ಅಂಕಿ ಸಮೇತ ಬರೆದದ್ದು ಬಹಳ ಒಳ್ಳೆಯದಾಯಿತು, ಅರ್ಧ ಉತ್ತರ ಅದರಲ್ಲೇ ಇದೆ. ನಮ್ಮ ಕಡೆಯ ಬೋಟುಗಳಲ್ಲಿ ಸಾಮಾನ್ಯವಾಗಿ ಸಿಗುವ ಅಲ್ಯೂಮಿನಿಯಂ 80 ಸಿಲಿಂಡರಿನ ಹೊಟ್ಟೆ 11.1 ಲೀಟರ್. ನೀವು ಖರ್ಚು ಮಾಡಿದ್ದು 150 ಬಾರ್, ಅಂದರೆ 1665 ಲೀಟರ್ ಗಾಳಿ. (ಪೇಪರಿನವರು ಆಮ್ಲಜನಕದ ಸಿಲಿಂಡರ್ ಎಂದು ಬರೆಯುವುದುಂಟು. ಒಳಗಿರುವುದು ನಾವು ತೋಟದಲ್ಲಿ ನಿಂತು ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು.) 15 ಮೀಟರ್ ಆಳದಲ್ಲಿ ಸುತ್ತಲಿನ ಒತ್ತಡ 2.5 ಬಾರ್. ಅಲ್ಲಿ ಎಳೆದ ಪ್ರತಿ ಉಸಿರಿನಲ್ಲೂ ದಡದ ಮೇಲಿನ ಉಸಿರಿಗಿಂತ ಎರಡೂವರೆ ಪಟ್ಟು ಗಾಳಿ ಹೋಗುತ್ತದೆ. 1665 ಲೀಟರನ್ನು 28 ನಿಮಿಷಕ್ಕೂ ಎರಡೂವರೆಗೂ ಭಾಗಿಸಿ: ನಿಮಿಷಕ್ಕೆ 24 ಲೀಟರಿಗೆ ಹತ್ತಿರ. ಇದು ನಿಮ್ಮ ಉಸಿರಿನ ದರ. ಜೊತೆಗಾರನ ಲೆಕ್ಕ ಹಾಕಿದರೆ ನಿಮಿಷಕ್ಕೆ 17 ಲೀಟರ್ ಚಿಲ್ಲರೆ ಬರುತ್ತದೆ. 26 ಡೈವ್ ಮಾಡಿದವರಿಗೆ 24 ಎಂಬುದು ಗಾಬರಿ ಬೀಳುವ ಸಂಖ್ಯೆಯಲ್ಲ. ಆದರೆ ಇಳಿಸಬಹುದಾದ ಸಂಖ್ಯೆ.

ಜೋಡಿ ಸಿಲಿಂಡರ್ ಹೊತ್ತರೆ ಗಾಳಿ ದುಪ್ಪಟ್ಟಾಗುತ್ತದೆ, ಅದರಲ್ಲಿ ಸಂಶಯವಿಲ್ಲ. ನಿಮ್ಮ ಈಗಿನ ದರದಲ್ಲೇ 15 ಮೀಟರ್ ಸರಾಸರಿಯಲ್ಲಿ 55 ನಿಮಿಷ ಸಿಗುತ್ತದೆ ಎಂದು ಕಾಗದ ಹೇಳುತ್ತದೆ. ಆದರೆ ನೀರಿನಡಿ ಓಡುವ ಗಡಿಯಾರ ಗಾಳಿಯದೊಂದೇ ಅಲ್ಲ. ಇನ್ನೊಂದು ನೈಟ್ರೋಜನ್ನಿನದು. ಒತ್ತಡದಲ್ಲಿ ಉಸಿರಾಡಿದಷ್ಟು ಹೊತ್ತೂ ನೈಟ್ರೋಜನ್ ಮೈಯೊಳಗೆ ಕರಗುತ್ತಾ ಹೋಗುತ್ತದೆ. ಒಂದು ಮಿತಿ ದಾಟಿದ ಮೇಲೆ ನೇರವಾಗಿ ಮೇಲೆ ಬರುವಂತಿಲ್ಲ, ದಾರಿಯಲ್ಲಿ ನಿಂತು ನಿಂತು ಅದನ್ನು ಹೊರಗೆ ಬಿಡಬೇಕು. ಪ್ಯಾಡಿ ಎಂಬ ಡೈವಿಂಗ್ ತರಬೇತಿ ಸಂಸ್ಥೆಯ ಕೋಷ್ಟಕದ ಪ್ರಕಾರ 18 ಮೀಟರಿನಲ್ಲಿ ಆ ಮಿತಿ 56 ನಿಮಿಷ, 30 ಮೀಟರಿನಲ್ಲಿ 20 ನಿಮಿಷ, 40 ಮೀಟರಿನಲ್ಲಿ ಬರೀ 9. ಈ ಮಿತಿಯನ್ನು ಆಗಿಂದಾಗ್ಗೆ ಲೆಕ್ಕ ಹಾಕುವ ಡೈವ್ ಕಂಪ್ಯೂಟರ್ ಕಟ್ಟಿಕೊಂಡು ಆಳ ಬದಲಿಸುತ್ತಾ ಈಜಿದರೆ ಇನ್ನಷ್ಟು ಸಿಗಬಹುದು, ದಿನದ ಎರಡನೇ ಡೈವಿಗೆ ಕಡಿಮೆಯಾಗುತ್ತದೆ.

ಇಷ್ಟು ದಿನ ನಿಮ್ಮನ್ನು ಈ ಮಿತಿಯಿಂದ ಕಾಪಾಡಿದ್ದು ಬೇಗ ಖಾಲಿಯಾಗುವ ಆ ಒಂದು ಸಿಲಿಂಡರೇ. ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 30 ಮೀಟರಿನಲ್ಲಿ 80 ಲೀಟರ್ ಖಾಲಿ ಮಾಡುತ್ತಾರೆ. 1665 ಲೀಟರ್ 20 ನಿಮಿಷಕ್ಕೆ ಮುಗಿಯುತ್ತದೆ, ನೈಟ್ರೋಜನ್ ಮಿತಿಯೂ 20 ನಿಮಿಷ. ಎರಡೂ ಗಡಿಯಾರ ಒಟ್ಟಿಗೆ ನಿಲ್ಲುತ್ತವೆ. ಅಲ್ಲಿ ಜೋಡಿ ಸಿಲಿಂಡರ್ ಹೊತ್ತು 40 ನಿಮಿಷ ಕೂತರೆ ಗಾಳಿ ಇದ್ದೂ ಮೇಲೆ ಬರಲಾಗದ ಸ್ಥಿತಿ. ಡಿಕಂಪ್ರೆಶನ್ ಡೈವ್ ಎನ್ನುವುದು ಇದನ್ನೇ. ತರಬೇತಿ ಇದ್ದು, ಎಲ್ಲೆಲ್ಲಿ ಎಷ್ಟು ನಿಮಿಷ ನಿಲ್ಲಬೇಕು, ಅದಕ್ಕೆಷ್ಟು ಗಾಳಿ ಬೇಕು ಎಂದು ದಡದಲ್ಲೇ ಬರೆದುಕೊಂಡು ಹೋಗುವವರ ಕೆಲಸ ಅದು. ಹೆಚ್ಚು ಗಾಳಿ ಇದೆಯಲ್ಲ ಎಂದು ಅರಿಯದೆ ಅದರೊಳಗೆ ಜಾರುವುದೇ ಜೋಡಿ ಸಿಲಿಂಡರಿನ ಮೊದಲ ಅಪಾಯ.

12 ಮೀಟರಿನಲ್ಲಾದರೆ ಕತೆ ಬೇರೆ. ಅಲ್ಲಿ ಮಿತಿ 147 ನಿಮಿಷ, ಎರಡು ಸಿಲಿಂಡರ್ ಖಾಲಿಯಾದರೂ ಅದರ ಹತ್ತಿರ ಹೋಗುವುದಿಲ್ಲ. ಆಳವಿಲ್ಲದ ಕಡೆ ಫೋಟೊ ತೆಗೆಯುವವರಿಗೆ, ಹವಳದ ಸಮೀಕ್ಷೆ ಮಾಡುವವರಿಗೆ ಜೋಡಿ ನಿಜಕ್ಕೂ ಸಮಯ ಕೊಡುತ್ತದೆ. ಆದರೆ ನಿಮ್ಮ ಜೊತೆಗಾರನ ಬೆನ್ನ ಮೇಲೆ ಒಂದೇ ಇದ್ದರೆ? ಅವನದು ಮುಗಿದಾಗ ನೀವೂ ಮೇಲೆ ಬರಬೇಕು. ಇಂದು ನಿಮಗಾಗಿ ಅವನು ಬರುತ್ತಿದ್ದಾನೆ, ನಾಳೆ ಅವನಿಗಾಗಿ ನೀವು.

ಭಾರದ ವಿಷಯವನ್ನೂ ಹೇಳಬೇಕು. ತುಂಬಿದ ಎರಡು ಅಲ್ಯೂಮಿನಿಯಂ ಸಿಲಿಂಡರ್, ಅವನ್ನು ಬೆಸೆಯುವ ಮ್ಯಾನಿಫೋಲ್ಡ್ ಕೊಳವೆ, ಪಟ್ಟಿ, ಬೆನ್ನಿನ ಪ್ಲೇಟು ಎಲ್ಲ ಸೇರಿ ಸುಮಾರು 40 ಕೆ.ಜಿ. ತೋಟದಲ್ಲಿ ಗೊನೆ ಹೊತ್ತವರಿಗೆ ಇದೇನು ಮಹಾ ಅನಿಸಬಹುದು. ಮುರ್ಡೇಶ್ವರದಿಂದ 19 ಕಿಲೋಮೀಟರ್ ಸಮುದ್ರದೊಳಗೆ, ಅಲೆಗೆ ಎದ್ದು ಬೀಳುವ ಬೋಟಿನ ಏಣಿಯನ್ನು ಆ ಭಾರದ ಸಮೇತ ಹತ್ತುವುದು ಬೇರೆ ಮಾತು. ಈಗ ನೀವು ಹಾಕುವ ಜಾಕೆಟ್ ಬಿಸಿಡಿ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಅಂಗಿ) ಆ ಜೋಡಿಯನ್ನು ಹಿಡಿಯುವುದೂ ಇಲ್ಲ, ತೇಲಿಸುವುದೂ ಇಲ್ಲ. ಅದಕ್ಕೆ ಪ್ಲೇಟು, ವಿಂಗ್ ಎಂಬ ದೊಡ್ಡ ಗಾಳಿಚೀಲ ಬೇಕು. ಗಾಳಿಗೂ ತೂಕವಿದೆ. ಜೋಡಿಯಲ್ಲಿ 200ರಿಂದ 50 ಬಾರ್‌ಗೆ ಬರುವಷ್ಟರಲ್ಲಿ 4 ಕೆ.ಜಿ. ಕರಗಿರುತ್ತದೆ. ಹೊರಡುವಾಗ ಅಷ್ಟು ಹೆಚ್ಚುವರಿ ಭಾರ ಹೊತ್ತು ಮುಳುಗಬೇಕು, ಕೊನೆಯಲ್ಲಿ 5 ಮೀಟರಿನಲ್ಲಿ ನಿಲ್ಲುವಾಗ ಮೇಲಕ್ಕೆ ಚಿಮ್ಮದ ಹಾಗೆ ಲೆಕ್ಕ ಇಟ್ಟುಕೊಳ್ಳಬೇಕು. ಇದೆಲ್ಲ ಪಳಗುವವರೆಗೆ ನಿಮ್ಮ ಉಸಿರಿನ ದರ 24ರಿಂದ ಮೇಲೇರುತ್ತದೆಯೇ ಹೊರತು ಇಳಿಯುವುದಿಲ್ಲ.

ಹಾಗಾಗಿ ನನ್ನ ಸಲಹೆ ನೇರವಾಗಿ ಹೇಳುತ್ತೇನೆ: ಈ ಹಂಗಾಮಿನಲ್ಲಿ ಜೋಡಿ ಸಿಲಿಂಡರ್ ಬೇಡ, ಉಸಿರು ಪಳಗಿಸಿ. 24ನ್ನು 17ಕ್ಕೆ ತಂದರೆ ಅದೇ ಸಿಲಿಂಡರಿನಲ್ಲಿ, ಅದೇ ಆಳದಲ್ಲಿ 28 ನಿಮಿಷ ಹೋಗಿ 39 ನಿಮಿಷ ಆಗುತ್ತದೆ.

ಹೇಗೆ? ಉಸಿರನ್ನು ಉಳಿಸಲು ಹೋದರೆ ಉಳಿಯುವುದಿಲ್ಲ. ಇದು ವಿಚಿತ್ರ ಅನಿಸಿದರೂ ಕಾರಣವಿದೆ. ಉಸಿರು ಬೇಕು ಬೇಕು ಅನಿಸುವುದು ಆಮ್ಲಜನಕ ಕಡಿಮೆಯಾಗಿ ಅಲ್ಲ, ಇಂಗಾಲದ ಡೈಆಕ್ಸೈಡ್ ಜಮೆಯಾಗಿ. ಚಿಕ್ಕ ಚಿಕ್ಕ ಉಸಿರು ಎಳೆದರೆ ಗಂಟಲು, ಶ್ವಾಸನಾಳ, ಮೌತ್‌ಪೀಸಿನಲ್ಲಿ ನಿಂತ ಹಳೆಯ ಗಾಳಿಯೇ ಹಿಂದೆ ಮುಂದೆ ಓಡಾಡುತ್ತದೆ, ಡೈಆಕ್ಸೈಡ್ ಹೊರಗೆ ಹೋಗುವುದಿಲ್ಲ, ಮತ್ತೆ ಏದುಸಿರು. ನಿಧಾನವಾಗಿ ತುಂಬ ಎಳೆಯಿರಿ, ಅದಕ್ಕಿಂತ ನಿಧಾನವಾಗಿ ಪೂರ್ತಿ ಬಿಡಿ. ಮಧ್ಯೆ ಉಸಿರು ಕಟ್ಟಬೇಡಿ. ಕಟ್ಟಿದ ಉಸಿರಿನಲ್ಲಿ ಒಂದೆರಡು ಮೀಟರ್ ಮೇಲೇರಿದರೂ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ಡೈವ್ ಆದ ಮೇಲೆ ತಲೆನೋವು ಬರುತ್ತಿದ್ದರೆ ನೀವು ಗೊತ್ತಿಲ್ಲದೇ ಉಸಿರು ಕದಿಯುತ್ತಿದ್ದೀರಿ ಎಂದೇ ಸಂಶಯಪಡಿ.

ಎರಡನೆಯದು ಮುಳುಗಲು ಸೊಂಟಕ್ಕೆ ಕಟ್ಟುವ ಸೀಸ. ನನ್ನ ಬಳಿ ಕಲಿಯಲು ಬಂದವರಲ್ಲಿ ಗಾಳಿ ಬೇಗ ಮುಗಿಯುತ್ತದೆ ಎಂದವರ ಬೆಲ್ಟು ಬಿಚ್ಚಿಸಿ ನೋಡಿದರೆ ಹೆಚ್ಚಿನವರಲ್ಲಿ ಎರಡು-ಮೂರು ಕೆ.ಜಿ. ಬೇಡದ ಸೀಸ ಇರುತ್ತದೆ. ಆ ಭಾರ ಎತ್ತಲು ಬಿಸಿಡಿಗೆ ಗಾಳಿ, ಗಾಳಿ ತುಂಬಿದ ಜಾಕೆಟ್ ಎದೆ ಎತ್ತುತ್ತದೆ, ಕಾಲು ಕೆಳಗೆ ಜೋಲುತ್ತದೆ, ನೀರನ್ನು ಎದೆಯಿಂದ ತಳ್ಳುತ್ತಾ ಸೈಕಲ್ ಹೊಡೆದ ಹಾಗೆ ಈಜಬೇಕಾಗುತ್ತದೆ. ಡೈವಿನ ಕೊನೆಯಲ್ಲಿ 50 ಬಾರ್ ಉಳಿದಾಗ, 5 ಮೀಟರಿನಲ್ಲಿ, ಬಿಸಿಡಿ ಖಾಲಿ ಮಾಡಿ ಅಲುಗಾಡದೆ ನಿಲ್ಲಲು ಎಷ್ಟು ಸೀಸ ಬೇಕೋ ಅಷ್ಟೇ ನಿಮ್ಮದು. ಒಂದೊಂದೇ ಕೆ.ಜಿ. ತೆಗೆದು ಪರೀಕ್ಷಿಸಿ.

ಮೂರನೆಯದು ಕೈ. ಕೈ ಆಡಿಸುವುದನ್ನು ಬಿಡಿ, ಕಟ್ಟಿಕೊಳ್ಳಿ. ನಿಮ್ಮ ತೋಟಕ್ಕೆ ಗೊನೆ ಇಳಿಸಲು ಬರುವ ಕೊನೆಗೌಡನನ್ನು ನೆನಪಿಸಿಕೊಳ್ಳಿ. ಒಂದು ಅಡಿಕೆ ಮರದ ತುದಿಯಿಂದ ಇನ್ನೊಂದಕ್ಕೆ ದಾಟುವಾಗ ಅವನ ಮೈಯಲ್ಲಿ ಬೇಡದ ಚಲನೆ ಒಂದೂ ಇರುವುದಿಲ್ಲ, ಅದಕ್ಕೇ ಬೆಳಗಿನಿಂದ ಮಧ್ಯಾಹ್ನದವರೆಗೆ ಅಷ್ಟು ಮರ ಮುಗಿಸುತ್ತಾನೆ. ಅಘನಾಶಿನಿ ನದಿಯಲ್ಲಿ ಬೆಳಚು (ಚಿಪ್ಪುಮೀನು) ತೆಗೆಯಲು ಮುಳುಗುವವರನ್ನೂ ಒಮ್ಮೆ ನಿಂತು ನೋಡಿ. ಸಿಲಿಂಡರೂ ಇಲ್ಲ, ಫಿನ್ನೂ ಇಲ್ಲ. ಅವಸರವಿಲ್ಲದ ಮೈ ಎಷ್ಟು ಕಡಿಮೆ ಗಾಳಿಯಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಅವರಿಗಿಂತ ಒಳ್ಳೆಯ ಪಾಠ ನನಗೆ ಯಾವ ಕೋರ್ಸಿನಲ್ಲೂ ಸಿಕ್ಕಿಲ್ಲ.

ಪ್ರಗತಿಯನ್ನು ಅಳೆಯಿರಿ. ಪ್ರವಾಹವಿಲ್ಲದ ದಿನ 10 ಮೀಟರ್ ಆಳದಲ್ಲಿ 10 ನಿಮಿಷ ಸಮಾಧಾನದಲ್ಲಿ ಈಜಿ, ಮೊದಲಿನ ಮತ್ತು ಕೊನೆಯ ಬಾರ್ ಸ್ಲೇಟಿನ ಮೇಲೆ ಬರೆಯಿರಿ. 40 ಬಾರ್ ಹೋಗಿದ್ದರೆ ದರ 22, 30 ಬಾರ್ ಹೋಗಿದ್ದರೆ 17ರ ಒಳಗೆ. ಹತ್ತು ಡೈವ್ ಹೀಗೆ ಬರೆದಿಟ್ಟುಕೊಳ್ಳಿ. ಇಷ್ಟಾದ ಮೇಲೂ ನೀವು ದೊಡ್ಡ ಆಳು, ಶ್ವಾಸಕೋಶವೇ ದೊಡ್ಡದು ಎಂದಾದರೆ 15 ಲೀಟರಿನ ಒಂಟಿ ಸ್ಟೀಲ್ ಸಿಲಿಂಡರ್ ಹುಡುಕಿ. 11.1 ಲೀಟರಿನದಕ್ಕಿಂತ ಮೂರನೇ ಒಂದು ಪಾಲಿಗೂ ಮಿಕ್ಕಿ ಗಾಳಿ ಹಿಡಿಯುತ್ತದೆ, ಒಂದೇ ವಾಲ್ವ್, ಹೊಸದಾಗಿ ಕಲಿಯಬೇಕಾದ್ದು ಬಹಳ ಕಡಿಮೆ. ಆಮ್ಲಜನಕದ ಪಾಲು ಹೆಚ್ಚಿಸಿದ ನೈಟ್ರಾಕ್ಸ್ ಎಂಬ ಗಾಳಿ ತುಂಬಿಸಿದರೆ ಗಾಳಿ ಹೆಚ್ಚು ಹೊತ್ತು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಹಿಗ್ಗಿಸುವುದು ನೈಟ್ರೋಜನ್ ಮಿತಿಯನ್ನು, ಸಿಲಿಂಡರನ್ನಲ್ಲ.

30 ಮೀಟರಿನ ಆಸೆ ಬರೆದಿದ್ದೀರಿ. ಅದಕ್ಕೆ ಹೋಗುವ ಮುನ್ನ ಒಂದು ಲೆಕ್ಕ ಮಾಡಲೇಬೇಕು. ಅಲ್ಲಿ ಜೊತೆಗಾರನ ಗಾಳಿ ನಿಂತುಹೋಯಿತು, ನಿಮ್ಮ ಎರಡನೇ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಉಪಕರಣ) ಅವನ ಬಾಯಿಗೆ ಕೊಟ್ಟಿರಿ ಎಂದುಕೊಳ್ಳಿ. ಗಾಬರಿಯಲ್ಲಿ ಇಬ್ಬರೂ ನಿಮಿಷಕ್ಕೆ 30 ಲೀಟರಿನಂತೆ ಎಳೆಯುತ್ತೀರಿ, ಒಟ್ಟು 60. ಸುಧಾರಿಸಿಕೊಳ್ಳಲು ಒಂದು ನಿಮಿಷ, 4 ಬಾರ್ ಒತ್ತಡದಲ್ಲಿ: 240 ಲೀಟರ್. ನಿಮಿಷಕ್ಕೆ 9 ಮೀಟರಿನಂತೆ 5 ಮೀಟರಿನವರೆಗೆ ಏರಲು ಸುಮಾರು ಮೂರು ನಿಮಿಷ: 495 ಲೀಟರ್. ಅಲ್ಲಿ ಮೂರು ನಿಮಿಷ ಸೇಫ್ಟಿ ಸ್ಟಾಪ್, ಅಂದರೆ ಮುನ್ನೆಚ್ಚರಿಕೆಯ ನಿಲುಗಡೆ: 270. ಕೂಡಿದರೆ ಸಾವಿರ ಲೀಟರ್ ದಾಟಿತು. ನಿಮ್ಮ ಒಂಟಿ ಸಿಲಿಂಡರಿನಲ್ಲಿ ಅದು 90 ಬಾರ್. ನಮಗೆಲ್ಲ ಬಾಯಿಪಾಠವಾಗಿರುವ 50 ಬಾರ್ ಅಲ್ಲ! 90 ಬಾರ್ ಮೀಸಲಿಟ್ಟರೆ 30 ಮೀಟರಿನಲ್ಲಿ ಓಡಾಡಲು ಉಳಿಯುವುದು, ನಿಮಿಷಕ್ಕೆ 20 ಲೀಟರಿನವರಿಗೂ, 15 ನಿಮಿಷ, ಅದರಲ್ಲಿ ಇಳಿಯುವ ಹೊತ್ತೂ ಸೇರಿ.

ಜೋಡಿ ಸಿಲಿಂಡರ್ ನಿಜವಾಗಿ ಬೆಲೆ ತರುವುದು ಇಲ್ಲಿ. ಜೋಡಿಯಲ್ಲಿ ಅದೇ ಮೀಸಲು 45 ಬಾರ್‌ಗೆ ಇಳಿಯುತ್ತದೆ. ಅದಕ್ಕಿಂತ ದೊಡ್ಡ ಲಾಭ, ಎಲ್ಲವೂ ಎರಡೆರಡು ಇರುತ್ತವೆ: ಎರಡು ಸಿಲಿಂಡರ್, ಎರಡು ವಾಲ್ವ್, ರೆಗ್ಯುಲೇಟರಿನಲ್ಲಿ ಒತ್ತಡ ಇಳಿಸುವ ಎರಡು ಫಸ್ಟ್ ಸ್ಟೇಜ್, ನಡುವೆ ಇವನ್ನು ಬೆಸೆಯುವ ಮ್ಯಾನಿಫೋಲ್ಡ್, ಅದರ ಮಧ್ಯದಲ್ಲಿ ಐಸೊಲೇಟರ್ ಎಂಬ ಮೂರನೇ ವಾಲ್ವ್. ಒಂದು ರೆಗ್ಯುಲೇಟರ್ ಕೆಟ್ಟು ಗಾಳಿ ಭೋರೆಂದು ಹೊರಗೆ ನುಗ್ಗಿದರೆ ಆ ಬದಿಯ ವಾಲ್ವ್ ಮುಚ್ಚಿ, ಎರಡೂ ಸಿಲಿಂಡರಿನ ಗಾಳಿಯನ್ನು ಇನ್ನೊಂದು ರೆಗ್ಯುಲೇಟರಿನಿಂದ ಉಸಿರಾಡಬಹುದು. ಸಿಲಿಂಡರಿನ ಕತ್ತಿನಲ್ಲಿ ಗಾಳಿ ಸೋರದಂತೆ ತಡೆಯುವ ಓ-ರಿಂಗೇ ಹೋದರೆ ಐಸೊಲೇಟರ್ ಮುಚ್ಚಿದಾಗ ಕೊನೇಪಕ್ಷ ಅರ್ಧ ಉಳಿಯುತ್ತದೆ. ಆಳದ ಡೈವರುಗಳು, ಹಡಗಿನ ಅವಶೇಷದೊಳಗೆ ಹೋಗುವವರು ಇದನ್ನು ಹೊರುವುದು ಮುಖ್ಯವಾಗಿ ಈ ಕಾರಣಕ್ಕೆ. ಸಮಯ ಹೆಚ್ಚುವುದು ಅದರ ಜೊತೆಗೆ ಬರುವ ಲಾಭ.

ಆದರೆ ಮೂರೂ ವಾಲ್ವ್ ತಲೆಯ ಹಿಂದೆ, ಕಣ್ಣಿಗೆ ಕಾಣದ ಕಡೆ ಇರುತ್ತವೆ. ಕೈ ಹಿಂದೆ ಚಾಚಿ, ಯಾವುದು ಯಾವುದೆಂದು ಬೆರಳಲ್ಲೇ ಗುರುತಿಸಿ, ತೇಲುತ್ತಲೇ ಮುಚ್ಚಿ ತೆರೆಯಲು ಬರದಿದ್ದರೆ ಈ ಎರಡೆರಡರಿಂದ ಪ್ರಯೋಜನವಿಲ್ಲ. ನನಗೇ ಆದದ್ದು ಹೇಳುತ್ತೇನೆ. ಜೋಡಿ ಹೊರಲು ಶುರುಮಾಡಿದ ಹೊಸತರಲ್ಲಿ ಒಂದು ಬೆಳಿಗ್ಗೆ ಗೇಜ್ ನೋಡಿದೆ, 200 ಬಾರ್ ಇತ್ತು, ಇಳಿದೆ. 20 ಮೀಟರಿನಲ್ಲಿ ಹತ್ತು ನಿಮಿಷ ಕಳೆದರೂ ಮುಳ್ಳು ಕದಲಲಿಲ್ಲ. ಉಸಿರು ಇಷ್ಟು ಪಳಗಿತೇ ಎಂದು ಸಂತೋಷಪಟ್ಟೆ. ಎರಡು ನಿಮಿಷದಲ್ಲಿ ರೆಗ್ಯುಲೇಟರ್ ಗಟ್ಟಿಯಾಯಿತು, ಎಳೆದರೂ ಗಾಳಿ ಬರುತ್ತಿಲ್ಲ. ಆಗಿದ್ದಿಷ್ಟು: ಗಾಳಿ ತುಂಬುವಾಗ ಐಸೊಲೇಟರ್ ಮುಚ್ಚಿತ್ತು. ಎಡ ಸಿಲಿಂಡರ್ ಮಾತ್ರ ತುಂಬಿತ್ತು, ಬಲದ್ದರಲ್ಲಿ ಹಿಂದಿನ ಡೈವಿನ 60 ಬಾರ್ ಉಳಿದಿತ್ತು. ಗೇಜ್ ಇರುವುದು ಎಡಕ್ಕೆ, ನಾನು ಉಸಿರಾಡುತ್ತಿದ್ದದ್ದು ಬಲದಿಂದ. ಕೊರಳಿಗೆ ತೂಗುಹಾಕಿದ್ದ ಎರಡನೇ ರೆಗ್ಯುಲೇಟರ್ ಬಾಯಿಗಿಟ್ಟು, ಹಿಂದೆ ಕೈ ಹಾಕಿ ಐಸೊಲೇಟರ್ ತೆರೆದೆ. ಬಲಗಡೆಗೆ ಗಾಳಿ ಹರಿಯುವ ಸದ್ದು ಕಿವಿಗೆ ಕೇಳಿತು. ತಪ್ಪು ಪೂರ್ತಿ ನನ್ನದು. ಬೋಟಿನ ಮೇಲೆ ಮೂರೂ ವಾಲ್ವ್ ಮುಟ್ಟಿ ತಿರುಗಿಸಿ ನೋಡದೆ ಇಳಿದಿದ್ದೆ. ಅಂದಿನಿಂದ ನಾನು ಮುಟ್ಟದೆ ನೀರಿಗೆ ಹಾರಿದ್ದಿಲ್ಲ. ಮುಳ್ಳು ಕದಲದಿದ್ದರೆ ಇಂದಿಗೂ ನನಗೆ ಹೆದರಿಕೆಯಾಗುತ್ತದೆ.

ಸೊಂಟದ ಎರಡೂ ಪಕ್ಕಕ್ಕೆ ಒಂದೊಂದು ಸಿಲಿಂಡರ್ ಸಿಕ್ಕಿಸುವ ಸೈಡ್‌ಮೌಂಟ್ ಎಂಬ ಇನ್ನೊಂದು ಪದ್ಧತಿಯಿದೆ, ಗುಹೆಗಳಲ್ಲಿ ಮುಳುಗುವವರಿಂದ ಬಂದದ್ದು. ವಾಲ್ವ್‌ಗಳು ಕಣ್ಣೆದುರೇ ಇರುತ್ತವೆ, ಸಿಲಿಂಡರನ್ನು ನೀರಿನಲ್ಲೇ ಬಿಚ್ಚಿ ಬೋಟಿನವರ ಕೈಗೆ ಕೊಟ್ಟು ಬರಿಮೈಯಲ್ಲಿ ಏಣಿ ಹತ್ತಬಹುದು. ಬೋಟಿನ ಬಾಡಿಗೆ ಸಿಲಿಂಡರುಗಳನ್ನೇ ಬಳಸಬಹುದು. ಎರಡನ್ನೂ ಸಮನಾಗಿ ಖಾಲಿ ಮಾಡಲು ಆಗಾಗ ರೆಗ್ಯುಲೇಟರ್ ಬದಲಿಸುತ್ತಾ, ಎರಡು ಗೇಜ್ ನೋಡುತ್ತಾ ಇರಬೇಕು. ನೇತ್ರಾಣಿಯಂಥ ಕಡೆಗೆ, ಬೆನ್ನುನೋವಿನವರಿಗೆ, ಬೆನ್ನಿನ ಜೋಡಿಗಿಂತ ಇದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಬೆನ್ನಿಗೇ ಜೋಡಿ ಹೊರುವುದಾದರೆ ಟಿಡಿಐ ಎಂಬ ತರಬೇತಿ ಸಂಸ್ಥೆಯ ಇಂಟ್ರೋ ಟು ಟೆಕ್ ಅಥವಾ ಪ್ಯಾಡಿಯ ಟೆಕ್ 40 ಕೋರ್ಸ್ ಮಾಡಿ. ನಮ್ಮ ಬೆಚ್ಚನೆಯ ನೀರಿಗೆ ತೆಳು ವೆಟ್‌ಸೂಟ್ ಸಾಕಾಗುವುದರಿಂದ ಜೋಡಿಗೆ ಅಲ್ಯೂಮಿನಿಯಮ್ಮೇ ಆರಿಸಿ. ಸ್ಟೀಲ್ ಜೋಡಿ ಹೊತ್ತಾಗ ವಿಂಗ್ ಹರಿದರೆ ಈಜಿ ಮೇಲೆ ಬರುವುದು ಬಹಳ ಕಷ್ಟ.

ಕೊನೆಗೆ, ನೀವು ಕೇಳದೆ ಬರೆದ ಒಂದು ಮಾತು ನನ್ನನ್ನು ಉಳಿದೆಲ್ಲಕ್ಕಿಂತ ಹೆಚ್ಚು ಕಾಡಿತು: ಅದೇ ಸಂಜೆ ಮನೆಗೆ ಹೊರಡುತ್ತೇನೆ ಎಂದದ್ದು. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ದೇವಿಮನೆ ಘಾಟಿ ಹತ್ತುವುದೆಂದರೆ ಮೈಯಲ್ಲಿ ನೈಟ್ರೋಜನ್ ತುಂಬಿಕೊಂಡೇ ಒತ್ತಡ ಕಡಿಮೆ ಇರುವ ಕಡೆಗೆ ಏರುವುದು. ವಿಮಾನ ಹತ್ತುವವರಿಗೆ ಒಂದು ಡೈವ್ ಆದ ಮೇಲೆ 12 ಗಂಟೆ, ಹಲವು ಡೈವ್ ಆದ ಮೇಲೆ 18 ಗಂಟೆ ಕಾಯಲು ಹೇಳುತ್ತಾರೆ. ಆ ಲೆಕ್ಕ ಶುರುವಾಗುವುದೇ ಸುಮಾರು 600 ಮೀಟರ್ ಎತ್ತರದಿಂದ. ನಿಮ್ಮೂರು ಸರಿಯಾಗಿ ಆ ಗೆರೆಯ ಮೇಲೆ ಕೂತಿದೆ. ಈವರೆಗೆ 28 ನಿಮಿಷದ ಚಿಕ್ಕ ಡೈವ್‌ಗಳಾದ್ದರಿಂದ ಏನೂ ಆಗಿಲ್ಲ. ಉಸಿರು ಪಳಗಿ ಡೈವ್ ಉದ್ದವಾದಂತೆ ಇದು ಬದಲಾಗುತ್ತದೆ. ಎರಡು ಡೈವ್ ಮಾಡಿದ ದಿನ ಕೆಳಗೇ ಉಳಿಯಿರಿ, ಮುರ್ಡೇಶ್ವರದಲ್ಲೋ ಕುಮಟೆಯಲ್ಲೋ. ನೀರು ಚೆನ್ನಾಗಿ ಕುಡಿದು ನಿದ್ದೆ ಮಾಡಿ. ಕೀಲುಗಳಲ್ಲಿ ನೋವು, ಚರ್ಮದಲ್ಲಿ ಜುಮುಜುಮು, ಕಾರಣವಿಲ್ಲದ ಆಯಾಸ ಇದ್ದರೆ ಘಾಟಿ ಹತ್ತಲೇಬೇಡಿ. ಕೂಡಲೇ ಡೈವ್ ಅಂಗಡಿಯವರಿಗೆ ತಿಳಿಸಿ, ಆಮ್ಲಜನಕ ಕೊಡಿಸಿಕೊಂಡು ವೈದ್ಯರ ಬಳಿ ಹೋಗಿ. ಏನೂ ಇಲ್ಲವೆಂದರೆ ಮಾರನೇ ದಿನ ಬೆಳಗಿನ ತಿಂಡಿ ಮುಗಿಸಿ ನಿಧಾನಕ್ಕೆ ಹೊರಡಿ.